ನನ್ನ ಕಿವಿಗೆಂದು ಕಟ್ಟಿದ ಕ್ರಾಸ್‌ಓವರ್

ದೊಡ್ಡಬಳ್ಳಾಪುರದಲ್ಲಿ ಹಳೆಯ ಚಿತ್ರಮಂದಿರವೊಂದನ್ನು ಕೆಡವಿದಾಗ ಪರದೆಯ ಹಿಂದಿನಿಂದ ಹಾಡು, ಮಾತು ಹೊರಡಿಸುತ್ತಿದ್ದ ಎರಡು ಹಾರ್ನ್‌ಗಳನ್ನು ನನ್ನ ಗಂಡ ಗುಜರಿ ಅಂಗಡಿಯಿಂದ ಬಿಡಿಸಿಕೊಂಡು ಬಂದರು. ಲಗೇಜ್ ಆಟೋದಿಂದ ಇಳಿಸುವಾಗ ಬೀದಿಯವರೆಲ್ಲ ಮೈಕ್ ಸೆಟ್ಟಿನ ಅಂಗಡಿ ಇಡುತ್ತೀರಾ ಎಂದು ಕೇಳಿದರು. ಅಗಲ ಬಾಯಿಯ ಕಬ್ಬಿಣದ ಹಾರ್ನ್‌ಗಳು. ಒಳಗೆಲ್ಲ ಪಾರಿವಾಳದ ಹಿಕ್ಕೆ. ನಾನು ಹಿತ್ತಲಲ್ಲಿ ಸೀಗೆಪುಡಿ ಹಾಕಿ ತಿಕ್ಕಿದೆ, ಅವರು ಬಣ್ಣ ಹೊಡೆದರು. ನಮ್ಮದು ಎರಡು ಕೋಣೆಯ ಮನೆ. ನಡುಮನೆಯಲ್ಲಿ ಅವೆರಡನ್ನೂ ನಿಲ್ಲಿಸಿದ ಮೇಲೆ ಓಡಾಡುವುದಕ್ಕೆ ಒಬ್ಬರು ಹೋಗುವಷ್ಟು ದಾರಿ ಉಳಿಯಿತು.

ಅವರು ಸೋಂಪುರದ ಕಡೆ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ವಾರವೆಲ್ಲ ಕಂಪನಿ ಬಸ್ಸು, ಭಾನುವಾರ ಮಾತ್ರ ಅವರದು. ಆ ಒಂದು ದಿನ ಬೆಸುಗೆ ಕಡ್ಡಿ ಕಾಯಿಸಿಕೊಂಡು ಕೂತರೆ ಊಟಕ್ಕೆ ನಾಲ್ಕು ಸಲ ಕರೆಯಬೇಕು. ಚಿಕ್ಕವರಿದ್ದಾಗಿನಿಂದ ರೇಡಿಯೋ ಬಿಚ್ಚಿ ಜೋಡಿಸಿದವರು. ಕೈ ಒಳ್ಳೆಯದು, ಆದರೆ ಕಿವಿಯ ಬಗ್ಗೆ ಅವರಿಗೇ ನಂಬಿಕೆ ಇರಲಿಲ್ಲ. ಕೇಳಿ ಹೇಳುವ ಕೆಲಸ ನನಗೆ ಬಿಟ್ಟಿದ್ದರು.

ನಾನು ತೂಬಗೆರೆ ಕಡೆಯ ರೈತರ ಮನೆಯವಳು. ಮದುವೆಗೆ ಮುಂಚೆಯೇ ಪೇಟೆಗೆ ಬಂದು ಪವರ್‌ಲೂಮ್ ಮಗ್ಗದ ಶೆಡ್ಡಿಗೆ ಸೇರಿದೆ, ಮದುವೆಯಾದ ಮೇಲೂ ಬಿಡಲಿಲ್ಲ. ತಗಡಿನ ಚಾವಣಿಯ ಕೆಳಗೆ ಸಾಲಾಗಿ ಮಗ್ಗಗಳು ಓಡುವಾಗ ಹೊಸಬರಿಗೆ ಬರೀ ಗದ್ದಲ ಕೇಳುತ್ತದೆ. ನನಗೆ ಒಂದೊಂದು ಮಗ್ಗವೂ ಬೇರೆ ಬೇರೆಯಾಗಿ ಕೇಳುತ್ತಿತ್ತು. ಯಾವ ಮಗ್ಗದ ಲಾಳಿ ತಡವರಿಸುತ್ತಿದೆ, ಎಲ್ಲಿ ಎಳೆ ಹರಿಯುವುದರಲ್ಲಿದೆ ಅನ್ನುವುದು ಬೆನ್ನು ಮಾಡಿ ನಿಂತಿದ್ದರೂ ತಿಳಿಯುತ್ತಿತ್ತು. ಪಕ್ಕದ ಮಗ್ಗದ ಹೆಂಗಸು "ನಿಂದು ಕಿವಿನೋ ತಕ್ಕಡಿನೋ?" ಅನ್ನುತ್ತಿದ್ದಳು. ಹಾಗೆ ಅನ್ನಿಸಿಕೊಳ್ಳುವುದು ನನಗೆ ಇಷ್ಟವಾಗಿತ್ತು. ಓದು ಹತ್ತನೇ ತರಗತಿಗೆ ನಿಂತವಳಿಗೆ ನನ್ನದು ಅಂತ ಹೇಳಿಕೊಳ್ಳಲು ಇದ್ದದ್ದು ಅದೊಂದೇ.

ಹಾರ್ನ್‌ಗಳಿಗೆ ಜೊತೆಯಾಗಿ ಅವರು ದೊಡ್ಡ ಸ್ಪೀಕರ್ ಎರಡು ತಂದು ಪ್ಲೈವುಡ್ ಪೆಟ್ಟಿಗೆ ಮಾಡಿಸಿದರು. ಇನ್ನು ಉಳಿದದ್ದು ಕ್ರಾಸ್‌ಓವರ್. ಅದೇನು ಎಂದು ಕೇಳಿದಾಗ ಅವರು ನನ್ನ ಊರಿನ ಲೆಕ್ಕದಲ್ಲೇ ಹೇಳಿದರು. "ಕೆರೆ ತೂಬಿಂದ ಬಂದ ನೀರನ್ನ ಎರಡು ಕಾಲುವೆಗೆ ತಿರುಗಿಸಲ್ವಾ, ಹಂಗೆ. ದಪ್ಪ ಶಬ್ದ ಕೆಳಗಿನ ಸ್ಪೀಕರ್‌ಗೆ ಹೋಗ್ಬೇಕು, ಸಣ್ಣ ಶಬ್ದ ಹಾರ್ನಿಗೆ ಹೋಗ್ಬೇಕು. ಹಾರ್ನಿಗೆ ದಪ್ಪ ಶಬ್ದ ಹೋದ್ರೆ ಒಳಗಿನ ತೆಳ್ಳನೆ ತಗಡು ಹರಿದುಹೋಗುತ್ತೆ."

ಮೊದಲು ಕಟ್ಟಿದ್ದು ಸರಳವಾದದ್ದು. ಹಾರ್ನಿಗೆ ದಪ್ಪ ಶಬ್ದ ತಡೆಯಲು ಒಂದು ಕಂಡೆನ್ಸರ್, ದೊಡ್ಡ ಸ್ಪೀಕರಿಗೆ ಸಣ್ಣ ಶಬ್ದ ತಡೆಯಲು ತಾಮ್ರದ ತಂತಿ ಸುತ್ತಿದ ಒಂದು ಕಾಯಿಲ್.

"ಇಷ್ಟೇನಾ?" ಎಂದೆ.

"ಮೊದ್ಲು ಇಷ್ಟರಲ್ಲಿ ಮಾತಾಡ್ಲಿ."

ಹಾಕಿ ನೋಡಲು ಯಾವ ಹಾಡು ಎಂಬ ಪ್ರಶ್ನೆಯೇ ಬರಲಿಲ್ಲ. ನನ್ನ ದೊಡ್ಡಪ್ಪ ತತ್ವಪದ ಹಾಡುತ್ತಿದ್ದವರು. ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಚಿಟಿಕೆ, ಬಲಗಾಲಿಗೆ ಗೆಜ್ಜೆ. ಒಂದು ಯುಗಾದಿಗೆ ತವರಿಗೆ ಹೋದಾಗ ಜಗುಲಿಯ ಮೇಲೆ ಅವರು ಹಾಡಿದ್ದನ್ನು ನನ್ನ ಗಂಡ ಫೋನಿನಲ್ಲಿ ಹಿಡಿದಿಟ್ಟಿದ್ದರು. ಮುಂದಿನ ಯುಗಾದಿಗೆ ದೊಡ್ಡಪ್ಪ ಇರಲಿಲ್ಲ. ಆ ಹಾಡನ್ನು ಹಾರ್ನಿನಲ್ಲಿ ಮೊದಲ ಸಲ ಕೇಳಿದಾಗ ನಾನು ಗೋಡೆಗೆ ಒರಗಿ ಕೂತುಬಿಟ್ಟೆ. ಫೋನಿನಲ್ಲಿ ಇರುವೆಯಷ್ಟು ಕೇಳುತ್ತಿದ್ದ ದನಿ ಎದುರಿಗೆ ಬಂದು ನಿಂತಿತ್ತು. ಅವರು ಸಾಲಿನ ಕೊನೆಯಲ್ಲಿ ಉಸಿರು ಎಳೆದುಕೊಳ್ಳುವುದು, ಹಿಂದೆ ಎಲ್ಲೋ ಎಮ್ಮೆ ಮೂಗು ಊದುವುದು, ಎಲ್ಲಕ್ಕಿಂತ ಮೇಲೆ ಕಾಲಿನ ಗೆಜ್ಜೆ. ಒಂದೊಂದು ಕಾಳೂ ಬೇರೆಯಾಗಿ.

ಸ್ವಲ್ಪ ದಿನ ಹಾಗೇ ಕೇಳಿದೆವು. ಇಂಥದ್ದೇ ಹುಚ್ಚಿರುವವರ ವಾಟ್ಸಾಪ್ ಗುಂಪೊಂದಕ್ಕೆ ಅವರು ಸೇರಿದ್ದರು. ಅಲ್ಲಿ ಯಾರೋ ಇವರ ಕ್ರಾಸ್‌ಓವರಿನ ಫೋಟೋ ನೋಡಿ ನಕ್ಕರಂತೆ. ಹಾರ್ನ್ ಅಂದರೆ ಅಷ್ಟು ಸುಲಭವಲ್ಲ, ದಪ್ಪ ಶಬ್ದ, ಸಣ್ಣ ಶಬ್ದ ಒಂದಕ್ಕೊಂದು ಸೇರದ ಹಾಗೆ ಬೇರೆ ಮಾಡಬೇಕು, ಹಾರ್ನ್ ಕಿರುಚುವ ಜಾಗವನ್ನು ತಗ್ಗಿಸಬೇಕು, ಇದಕ್ಕೆಲ್ಲ ಬೇರೆ ಬೇರೆ ಭಾಗ ಬೇಕು ಎಂದು ಬುದ್ಧಿ ಹೇಳಿದರಂತೆ. ಇವರು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಚೀಲ ತುಂಬ ಸಾಮಾನು ತಂದರು. ಎರಡು ವಾರ ಕಷ್ಟಪಟ್ಟು ಒಂದು ಹಲಗೆಯ ಮೇಲೆ ಸಂಕೀರ್ಣವಾದದ್ದನ್ನು ಕಟ್ಟಿದರು. ನೋಡಲು ಅದೇ ಚೆನ್ನಾಗಿತ್ತು, ಒಂದು ಚಿಕ್ಕ ಊರಿನ ಹಾಗೆ.

ಎರಡನ್ನೂ ಹೋಲಿಸಲು ಹಗ್ಗ ಕಟ್ಟಿ ನನ್ನ ಹಳೆಯ ಸೀರೆ ಇಳಿಬಿಟ್ಟರು. ಅವರು ಸೀರೆಯ ಹಿಂದೆ ತಂತಿ ಬದಲಾಯಿಸುತ್ತಾರೆ, ಯಾವುದು ಹಾಕಿದ್ದಾರೆಂದು ನನಗೆ ಹೇಳುವುದಿಲ್ಲ. ನಾನು ಕಣ್ಣು ಮುಚ್ಚಿ ದೊಡ್ಡಪ್ಪನನ್ನು ಕೇಳಬೇಕು.

"ಈಗ?"

"ಈಗ ನುಣ್ಣಗಿದೆ. ಒರಟೇ ಇಲ್ಲ," ಎಂದೆ. "ಆದ್ರೆ ದೊಡ್ಡಪ್ಪ ಎರಡು ತುಂಡಾಗವ್ರೆ ಕಣ್ರೀ. ಗಂಟಲು ಮೇಲಿಂದ ಬರ್ತಿದೆ, ಎದೆ ಕೆಳಗಿಂದ ಬರ್ತಿದೆ. ಮುಂಚಿನದ್ರಲ್ಲಿ ಒಬ್ಬ ಮನುಷ್ಯ ಕೂತಿದ್ದ."

ಅವರು ಸೀರೆ ಸರಿಸಿದರು. ಈಚೆ ಬಂದು ನಕ್ಕರು. ಎರಡು ವಾರದ ಕೆಲಸವನ್ನು ನಾನು ಒಂದು ಮಾತಿಗೆ ತಳ್ಳಿಹಾಕಿದ್ದಕ್ಕೆ ಅವರಿಗೆ ಬೇಜಾರೇ ಆಗಲಿಲ್ಲ. ಹಲಗೆಯನ್ನು ಅಟ್ಟಕ್ಕೆ ಹಾಕಿ ಸರಳವಾದದ್ದನ್ನೇ ಉಳಿಸಿಕೊಂಡರು. ಅದರಲ್ಲಿ ದನಿ ಜೋರು ಮಾಡಿದರೆ ಹಾರ್ನ್ ಒಡೆದ ಹಾಗಾಗುತ್ತಿತ್ತು. ನಮಗೆ ಜೋರು ಬೇಕಿರಲಿಲ್ಲ. ಗುಂಪಿನಲ್ಲಿ ಇವರು ಬರೆದರಂತೆ: ನಮ್ಮ ಮನೆಯವಳು ಒಪ್ಪಲಿಲ್ಲ, ಅದಕ್ಕೇ ಬಿಟ್ಟೆ ಅಂತ.

ನಮಗೆ ಮಕ್ಕಳಿಲ್ಲ. ಭಾನುವಾರಗಳು ಉದ್ದ. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಚಾಪೆ ಹಾಸಿಕೊಂಡು ಆ ಹಾರ್ನ್‌ಗಳ ಮುಂದೆ ಕೂರುತ್ತಿದ್ದೆವು. ನಾಗಸ್ವರ, ಸೋಬಾನೆ, ಹಳೆಯ ಸಿನಿಮಾ ಹಾಡು, ಕೊನೆಗೆ ದೊಡ್ಡಪ್ಪ. ಬದುಕಿನಲ್ಲಿ ಅಷ್ಟು ನೆಮ್ಮದಿಯಾಗಿ ನಾನು ಬೇರೆಲ್ಲೂ ಕೂತಿಲ್ಲ. ಆ ಹೊತ್ತಿನಲ್ಲಿ ಯಾರಾದರೂ ಬಾಗಿಲು ತಟ್ಟಿದರೆ ಇಬ್ಬರಿಗೂ ಸಿಟ್ಟು ಬರುತ್ತಿತ್ತು.

ಗೆಜ್ಜೆ ಮಂಕಾದದ್ದು ಯಾವಾಗಿನಿಂದ ಎಂದು ಹೇಳಲಾರೆ. ಒಂದು ಭಾನುವಾರ ದೊಡ್ಡಪ್ಪನ ಹಾಡು ಕೇಳುತ್ತಾ ಏನೋ ಕಡಿಮೆ ಅನ್ನಿಸಿತು.

"ರೀ, ಗೆಜ್ಜೆ ಮೇಲೆ ಬಟ್ಟೆ ಹಾಕಿದಂಗಿದೆ," ಎಂದೆ.

ಅವರು ಹಾರ್ನಿನ ಹತ್ತಿರ ಕಿವಿ ಇಟ್ಟು ಕೇಳಿದರು. "ಹೌದಾ? ಕಂಡೆನ್ಸರ್ ಹಳೇದಾಗಿರ್ಬೇಕು, ನೋಡ್ತೀನಿ."

ಹೊಸದು ಹಾಕಿದರು. ಒಂದಿಷ್ಟು ದಿನ ಸರಿಯಾದ ಹಾಗೆ ಅನ್ನಿಸಿತು, ಮತ್ತೆ ಮಂಕಾಯಿತು. ಹಾರ್ನಿನೊಳಗಿನ ತಗಡನ್ನೇ ಬದಲಾಯಿಸಿದರು. ನಾನು ಇಲ್ಲ ಎಂದು ತಲೆಯಾಡಿಸಿದೆ. ಆಗ ಅವರು ಅಟ್ಟದಿಂದ ಹಳೆಯ ಹಲಗೆ ಇಳಿಸಿದರು. ಗುಂಪಿನವರು ಹೇಳಿದ್ದು ಸರಿ ಇರಬಹುದು, ಹಾರ್ನ್ ಮಧ್ಯದ ದನಿಯನ್ನು ಹೆಚ್ಚು ಕೂಗುತ್ತಿದೆ, ಅದನ್ನು ತಗ್ಗಿಸಿದರೆ ಮೇಲಿನ ಸಣ್ಣ ದನಿ ಎದ್ದು ಕೇಳುತ್ತದೆ ಅಂದರು. ತಗ್ಗಿಸಿದರು. ಸ್ವಲ್ಪ ಬಂತು ಎಂದೆ. ಇನ್ನಷ್ಟು ತಗ್ಗಿಸಿದರು. ಅದೂ ಸಾಲದಾದಾಗ ಬರೀ ಸಣ್ಣ ಶಬ್ದಕ್ಕೆಂದೇ ಇನ್ನೊಂದು ಪುಟ್ಟ ಸ್ಪೀಕರನ್ನು ಹಾರ್ನಿನ ನೆತ್ತಿಯ ಮೇಲೆ ಕೂರಿಸಿದರು. ಹಲಗೆಯ ಮೇಲಿನ ಚಿಕ್ಕ ಊರು ಬೆಳೆದು ಪೇಟೆಯಾಯಿತು. ಮಳೆಗಾಲ ಹೋಗಿ ಅವರೆಕಾಯಿ ಕಾಲ ಬಂದರೂ ಆ ಕೆಲಸ ಮುಗಿಯಲಿಲ್ಲ. ಪ್ರತಿ ಭಾನುವಾರ ಅವರು ಒಂದು ಭಾಗ ಸೇರಿಸುವುದು, ನಾನು ಕೇಳಿ ಹೇಳುವುದು. ನನಗಾಗಿ ಇಷ್ಟು ಒದ್ದಾಡುತ್ತಾರಲ್ಲ ಎಂದು ಒಳಗೊಳಗೆ ಹೆಮ್ಮೆಯೂ ಇತ್ತು.

ಮನೆಯಲ್ಲಿ ಬೇರೇನೂ ಬದಲಾದ ಹಾಗೆ ನನಗೆ ಕಾಣಲಿಲ್ಲ. ಅದಕ್ಕೆ ಕಾರಣ ಆಮೇಲೆ ತಿಳಿಯಿತು. ಮಗ್ಗದ ಶೆಡ್ಡಿನಲ್ಲಿ ಮಾತು ಕೇಳುವುದಿಲ್ಲ. ಅಲ್ಲಿ ಎಲ್ಲರೂ ತುಟಿ ನೋಡಿ ಮಾತು ತಿಳಿಯುವವರೇ. ವರ್ಷಗಟ್ಟಲೆ ಹಾಗೆ ಮಾಡಿದವಳಿಗೆ ಮನೆಯಲ್ಲೂ ಗಂಡನ ಮುಖ ನೋಡುತ್ತಲೇ ಮಾತಾಡುವುದು ಅಭ್ಯಾಸವಾಗಿತ್ತು. ಕುಕ್ಕರ್ ಕೂಗಿದ್ದು ಗೊತ್ತಾಗದೆ ಎರಡು ಸಲ ಅನ್ನ ತಳ ಹಿಡಿದಿತ್ತು. ವಿಷಲ್ ಕೆಟ್ಟಿದೆ ಎಂದು ಹೊಸದು ತಂದುಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ಹೊಸಕೋಟೆಯಿಂದ ನನ್ನ ನಾದಿನಿ ಬಂದಳು. ಎಳ್ಳುಬೆಲ್ಲ ಕೊಟ್ಟು, ಊಟ ಮಾಡಿ ಕೂತಳು. ಅಣ್ಣ ಏನೋ ದೊಡ್ಡದಾಗಿ ಕಟ್ಟಿದ್ದಾನಂತೆ, ನಾನೂ ಕೇಳುತ್ತೇನೆ ಎಂದಳು. ನಾನೇ ಉತ್ಸಾಹದಿಂದ ದೊಡ್ಡಪ್ಪನ ಹಾಡು ಹಾಕಿದೆ. ಹಾಡು ಶುರುವಾಗಿ ಎರಡು ಸಾಲು ಆಗಿರಬೇಕು. ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಎದ್ದು ನಿಂತಳು.

"ಅಯ್ಯೋ ನಿಲ್ಸಿ ಅತ್ತಿಗೆ, ಕಿವಿಗೆ ಸೂಜಿ ಚುಚ್ದಂಗೆ ಆಗ್ತಿದೆ."

"ಯಾವ್ದು ಚುಚ್ತಿದೆ?"

"ಆ ಗೆಜ್ಜೆ. ಹಾಡೇ ಕೇಳಿಸ್ತಿಲ್ಲ, ಬರೀ ಗೆಜ್ಜೆ. ನಿಮಗೆ ಕೇಳಿಸ್ತಿಲ್ವಾ?"

ನಾನು ಅವಳನ್ನು ನೋಡಿದೆ, ಆಮೇಲೆ ನನ್ನ ಗಂಡನನ್ನು ನೋಡಿದೆ. ಅವರು ಹಾಡು ನಿಲ್ಲಿಸಿ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದರು. ನನಗೆ ಆ ಹೊತ್ತಿನವರೆಗೆ ಗೆಜ್ಜೆ ದೂರದಲ್ಲಿ ಎಲ್ಲೋ ಮರಳು ಉದುರಿದಷ್ಟು ಮಾತ್ರ ಕೇಳುತ್ತಿತ್ತು.

ನಾದಿನಿ ಹೋದ ಮೇಲೆ ಕೇಳಿದೆ. "ನಿಮಗೂ ಹಂಗೇ ಕೇಳಿಸ್ತಿತ್ತಾ?"

ಅವರು ಚಾಪೆ ಸುತ್ತಿ ಮೂಲೆಗಿಟ್ಟು ಬಂದು ಹೇಳಿದರು. "ಕೇಳಿಸ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಇಲ್ಲ ಅಂದ್ಮೇಲೆ ಇಲ್ಲ ಅಂತ್ಲೇ ಅಂದ್ಕೊಂಡೆ. ನನ್ ಕಿವಿಯೇ ಕೆಟ್ಟಿರ್ಬೇಕು ಅಂದ್ಕೊಂಡೆ. ನಿನ್ ಕಿವಿ ತಪ್ಪು ಹೇಳುತ್ತೆ ಅಂತ ನನಗೆ ಹೊಳೀಲೇ ಇಲ್ಲ ಕಣೇ."

ಆ ಮಾತಿಗೆ ನಾನು ಅಳಲಿಲ್ಲ. ಪಾತ್ರೆ ತೊಳೆಯಲು ಹೋದೆ. ನಲ್ಲಿಯ ನೀರು ಬೀಳುವುದನ್ನು ಕೇಳುತ್ತಾ ನಿಂತೆ. ಅದೂ ಬಟ್ಟೆ ಹಾಕಿದ ಹಾಗೇ ಇತ್ತು. ಎಷ್ಟು ದಿನದಿಂದ ಹಾಗಿತ್ತೋ, ನಾನು ನೀರಿನ ಸದ್ದನ್ನು ಕೇಳಿ ನೋಡಿರಲೇ ಇಲ್ಲ.

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಗಾಜಿನ ಕಿಟಕಿಯಿದ್ದ ಚಿಕ್ಕ ಕೋಣೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದರು. ಶಬ್ದ ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಮೊದಲು ದಪ್ಪ ದನಿಗಳು ಬಂದವು, ಒತ್ತಿದೆ. ನಂತರ ಏನೂ ಬರಲಿಲ್ಲ. ಗಾಜಿನಾಚೆ ಆ ಹುಡುಗಿ ಏನೇನೋ ತಿರುಗಿಸುತ್ತಲೇ ಇದ್ದಳು, ತಿರುಗಿಸಿ ನನ್ನ ಮುಖ ನೋಡುತ್ತಿದ್ದಳು. ಶಬ್ದ ಬರುತ್ತಿದೆ, ನನಗೆ ತಲುಪುತ್ತಿಲ್ಲ ಎಂಬುದು ಅವಳ ಕಣ್ಣಿನಿಂದಲೇ ಗೊತ್ತಾಯಿತು. ಒಂದು ಸಲ ಸುಮ್ಮನೆ ಗುಂಡಿ ಒತ್ತಿಬಿಡೋಣ ಅನ್ನಿಸಿತು. ಒತ್ತಲಿಲ್ಲ.

ಡಾಕ್ಟರಮ್ಮ ಮೆಲ್ಲಗೆ, ನನ್ನ ಕಡೆ ಮುಖ ಮಾಡಿ ಮಾತಾಡಿದರು. "ಎಷ್ಟು ವರ್ಷದಿಂದ ಮಗ್ಗದ ಕೆಲಸ ಮಾಡ್ತಿದ್ದೀರಮ್ಮಾ?"

ಹೇಳಿದೆ.

"ಕಿವಿಗೆ ಏನಾದ್ರೂ ಹಾಕ್ಕೊಳ್ತಿದ್ರಾ? ಹತ್ತಿ, ರಬ್ಬರು, ಏನಾದ್ರೂ?"

"ಹಾಕ್ಕೊಂಡ್ರೆ ಎಳೆ ಹರಿಯೋದು ಕೇಳಿಸ್ತಿರ್ಲಿಲ್ಲ."

ಅವರು ಒಂದು ಕಾಗದದ ಮೇಲೆ ಗೆರೆ ತೋರಿಸಿದರು. ದಪ್ಪ ಶಬ್ದದ ಎಡಗಡೆ ನೆಟ್ಟಗಿದ್ದ ಗೆರೆ ಸಣ್ಣ ಶಬ್ದದ ಬಲಗಡೆಗೆ ಹೋಗುತ್ತಾ ಬಾವಿಗೆ ಇಳಿದಿತ್ತು. ಒಳಕಿವಿಯಲ್ಲಿ ಸವೆದದ್ದು ಮತ್ತೆ ಹುಟ್ಟುವುದಿಲ್ಲ, ಇನ್ನೂ ಸವೆಯದ ಹಾಗೆ ನೋಡಿಕೊಳ್ಳಬೇಕು, ಮಗ್ಗ ಬಿಡಬೇಕು, ಕಿವಿಯ ಮಿಷನ್ ಹಾಕಿಕೊಂಡರೆ ಮಾತಿಗೆ ಅನುಕೂಲ ಎಂದರು. ನನ್ನ ಗಂಡ ಆ ಗೆರೆಯನ್ನೇ ನೋಡುತ್ತಿದ್ದರು. ಹಾರ್ನಿನ ದನಿ ಅಳೆಯುವಾಗ ಅವರು ಫೋನಿನಲ್ಲಿ ಅಂಥದ್ದೇ ಗೆರೆಗಳನ್ನು ಮೊದಲೂ ನೋಡಿದ್ದರು. ಅದು ಬಿದ್ದರೆ ಹೇಗೆ ಎತ್ತುವುದೆಂದು ಅವರಿಗೆ ಗೊತ್ತಿತ್ತು. ವಾಪಸ್ಸು ಬರುವ ಬಸ್ಸು ಯಲಹಂಕ ದಾಟಿತು. ಆಮೇಲೆ ಅವರು ನನ್ನ ಮಂಡಿ ತಟ್ಟಿ ಮುಖ ನನ್ನ ಕಡೆ ತಿರುಗಿಸಿ ಹೇಳಿದರು. "ಮಗ್ಗಕ್ಕೆ ನಾಳೆಯಿಂದ ಹೋಗ್ಬೇಡ." ನಾನು ಹೂಂ ಎಂದೆ.

ಮಿಷನ್ ಬಂತು. ಮಾತು ಸ್ಪಷ್ಟವಾಯಿತು, ಅದು ಸುಳ್ಳಲ್ಲ. ಆದರೆ ಅದನ್ನು ಹಾಕಿಕೊಂಡು ದೊಡ್ಡಪ್ಪನನ್ನು ಕೇಳಿದಾಗ ತಗಡಿನ ಡಬ್ಬದೊಳಗೆ ಯಾರೋ ಹಾಡಿದ ಹಾಗಾಯಿತು. ಕಿತ್ತು ಮಡಿಲಲ್ಲಿಟ್ಟುಕೊಂಡೆ. ಅವರು ಅದನ್ನು ನೋಡಿದರು. ಮಾರನೆಯ ಭಾನುವಾರದಿಂದ ಆ ದೊಡ್ಡ ಹಲಗೆಯನ್ನು ಮತ್ತೆ ಮುಂದಿಟ್ಟುಕೊಂಡರು. ಆಸ್ಪತ್ರೆಯ ಕಾಗದವನ್ನು ಪಕ್ಕದಲ್ಲಿ ಹರಡಿಕೊಂಡು ನನ್ನ ಗೆರೆ ಎಲ್ಲಿ ಇಳಿದಿದೆಯೋ ಅಲ್ಲಿ ಹಾರ್ನ್ ಏರುವ ಹಾಗೆ ಕಾಯಿಲ್, ಕಂಡೆನ್ಸರ್, ರೆಸಿಸ್ಟರ್‌ಗಳನ್ನು ಬದಲಾಯಿಸುತ್ತಾ ಹೋದರು. ಇದುವರೆಗೆ ಅರಿಯದೆ ಮಾಡಿದ್ದನ್ನು ಈಗ ಅರಿತು ಮಾಡುತ್ತಿದ್ದರು. ಒಂದು ಭಾನುವಾರ ಕೂರಿಸಿ ಕೇಳಿಸಿದರು.

ಬಂತು. ಮೊದಲಿನ ಹಾಗಲ್ಲ, ಕಾಳು ಬೇರೆಯಾಗಿ ಅಲ್ಲ, ಆದರೆ ಗೆಜ್ಜೆ ಎಂದು ಗುರುತು ಹಿಡಿಯುವಷ್ಟು ಬಂತು. ಬಂತು ಎಂದು ಅವರ ಕಡೆ ತಲೆಯಾಡಿಸಿದೆ. ಹಾಡು ಮುಗಿಯುವವರೆಗೂ ಅವರು ನನ್ನ ಪಕ್ಕದಲ್ಲೇ ಕೂತಿದ್ದರು.

ಹೀಗೇ ಒಂದು ತಿಂಗಳು ಕೇಳಿದೆ. ಅವರು ಪಕ್ಕದಲ್ಲಿ ಕೂರುತ್ತಿದ್ದರು, ಮೊದಲಿನ ಹಾಗೆ ಗೋಡೆಗೆ ಒರಗಿ, ಕಣ್ಣು ಮುಚ್ಚಿ. ಒಂದು ಮಧ್ಯಾಹ್ನ ಹಾಡಿನ ನಡುವೆ ನಾನು ಅವರನ್ನು ಏನೋ ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಇನ್ನೊಮ್ಮೆ ಕೇಳಿದೆ. ಆಗಲೂ ಇಲ್ಲ. ಭುಜ ಮುಟ್ಟಿದಾಗ ಬೆಚ್ಚಿ ತಿರುಗಿದರು, ತಿರುಗಿದಾಗ ಕಂಡಿತು. ಎರಡೂ ಕಿವಿಯಲ್ಲಿ ಹತ್ತಿ. ಕಾಣದ ಹಾಗೆ ಒಳಗೆ ಒತ್ತಿಕೊಂಡಿದ್ದರು.

ನಾನು ಎದ್ದು ಹಾಡು ನಿಲ್ಲಿಸಿದೆ.

"ಯಾವಾಗಿಂದ?"

"ತಲೆ ನೋಯ್ತಿತ್ತು. ಅದಕ್ಕೇ."

"ಈ ಹಲಗೇನ ಬಿಚ್ಚಿ. ಮುಂಚಿನದ್ನೇ ಹಾಕಿ. ಒಂದು ಕಂಡೆನ್ಸರು, ಒಂದು ಕಾಯಿಲು."

"ಅದ್ರಲ್ಲಿ ನಿನಗೆ ಏನೂ ಕೇಳ್ಸಲ್ಲ."

"ಇದ್ರಲ್ಲಿ ನಿಮಗೆ ಕೇಳ್ಸಲ್ಲ."

"ನಾನು ಇಷ್ಟು ದಿನ ಕೇಳಿದೀನಲ್ಲ, ಸಾಕು. ನೀನು ಕೇಳು."

"ನೀವು ಹತ್ತಿ ಇಟ್ಕೊಂಡು ಕೂತ್ರೆ ನಾನು ಒಬ್ಳೇ ಕೇಳ್ದಂಗೆ ಆಯ್ತು. ಒಬ್ಳೇ ಕೇಳೋಕೆ ನನಗೆ ಇದು ಯಾಕೆ ಬೇಕು?"

ಅವರು ಒಪ್ಪಲಿಲ್ಲ. ನನಗೊಂದು, ಅವರಿಗೊಂದು, ಎರಡನ್ನೂ ಇಟ್ಟುಕೊಂಡು ತಿರುಗಿಸುವ ಗುಂಡಿ ಹಾಕುತ್ತೇನೆ ಎಂದರು. ಬೇಡ ಎಂದೆ. ನನ್ನ ಪಾಲಿಗೆ ಒಂದು ಹಾಡು, ಅವರ ಪಾಲಿಗೆ ಒಂದು ಹಾಡು ಅಂತ ಮನೆ ಪಾಲು ಮಾಡಿದ ಹಾಗೆ ಆಗುವುದು ನನಗೆ ಬೇಕಿರಲಿಲ್ಲ. ಮದುವೆಯಾದ ಮೇಲೆ ನಾವು ಅಷ್ಟು ಜಗಳ ಆಡಿದ್ದಿಲ್ಲ. ಕೊನೆಗೆ ಅವರು ಬೆಸುಗೆ ಕಡ್ಡಿ ಕಾಯಿಸಿದರು. ಅಷ್ಟು ತಿಂಗಳು ಸೇರಿಸಿದ್ದನ್ನು ಒಂದೊಂದಾಗಿ ಬಿಡಿಸಿದರು. ಪ್ರತಿ ಭಾಗವನ್ನೂ ಒರೆಸಿ ಬಿಸ್ಕತ್ತಿನ ಡಬ್ಬಕ್ಕೆ ಹಾಕುತ್ತಿದ್ದರು. ಒಂದು ಕಾಯಿಲ್ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ಅದನ್ನು ಅವರೇ ಕೈಯಲ್ಲಿ ಸುತ್ತಿದ್ದು. ನಾನು ಸುತ್ತು ಎಣಿಸಿಕೊಟ್ಟಿದ್ದೆ.

ಹಳೆಯದನ್ನು ಜೋಡಿಸಿ ದೊಡ್ಡಪ್ಪನ ಹಾಡು ಹಾಕಿದರು. ದನಿ ಬಂತು. ಸೊಂಟದಿಂದ ಎದ್ದು ಗಂಟಲಿಗೆ ಏರುವ, ತುಂಡಾಗದ ಒಬ್ಬ ಮನುಷ್ಯನ ದನಿ. ತಂಬೂರಿ ಬಂತು. ಅದರಾಚೆ ನನಗೆ ಏನೂ ಇರಲಿಲ್ಲ. ದೊಡ್ಡಪ್ಪ ಕಾಲು ಆಡಿಸದೆ ಕೂತು ಹಾಡುತ್ತಿದ್ದ ಹಾಗೆ. ನನ್ನ ಗಂಡ ಈ ಸಲ ಹತ್ತಿ ತೆಗೆದಿದ್ದರು. ಅವರ ಮುಖ ನೋಡುತ್ತಾ ಹೋದೆ. ಅವರಿಗೆ ಗೆಜ್ಜೆ ಎಲ್ಲಿ ಬರುತ್ತಿದೆ ಎಂದು ಅವರ ಹುಬ್ಬಿನಿಂದ ತಿಳಿಯಬಹುದಾಗಿತ್ತು. ಸ್ವಲ್ಪ ಹೊತ್ತಿಗೆ ಅವರಿಗೆ ನಾನು ನೋಡುತ್ತಿರುವುದು ಗೊತ್ತಾಗಿ ಮುಖವನ್ನು ಬಿಗಿ ಮಾಡಿಕೊಂಡರು. ನನಗೆ ಸಿಗದ್ದನ್ನು ನನ್ನೆದುರು ಸವಿಯುವುದು ತಪ್ಪು ಅನ್ನಿಸಿರಬೇಕು. ಹಾಡು ಮುಗಿದ ಮೇಲೆ ಹೇಗಿದೆ ಎಂದು ಅವರು ಕೇಳಲಿಲ್ಲ. ನಾನು ಚಾಪೆ ಸುತ್ತಿದೆ.

ಈಗ ನಾನು ದೇವನಹಳ್ಳಿ ರಸ್ತೆಯಲ್ಲಿರುವ ಒಂದು ನರ್ಸರಿಯಲ್ಲಿ ಸಸಿಗಳ ಕೆಲಸ ಮಾಡುತ್ತೇನೆ. ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಸದ್ದಿಲ್ಲದ ಜಾಗ. ಜೊತೆಯವರು ಅಲ್ಲಿ ಹಕ್ಕಿ ಬಹಳ ಎನ್ನುತ್ತಾರೆ. ಶೆಡ್ಡಿನ ಹಳೆಯ ಗೆಳತಿ ಒಮ್ಮೆ ಸಂತೆಯಲ್ಲಿ ಸಿಕ್ಕಿದಾಗ ಕಿವಿಗೆ ಹತ್ತಿ ಇಟ್ಟುಕೋ ಎಂದು ಹೇಳಿದೆ. ಅವಳು ನಕ್ಕು "ಹತ್ತಿ ಇಟ್ಕೊಂಡ್ರೆ ಮಗ್ಗ ಯಾರು ನೋಡ್ತಾರೆ" ಎಂದಳು. ಮಿಷನ್ ಹಾಕಿಕೊಳ್ಳುವುದು ನನಗೆ ರೂಢಿಯಾಗಿಲ್ಲ, ಅದನ್ನೂ ನಾನು ತುಟಿಯಿಂದಲೇ ಓದಿದೆ. ಸೊಪ್ಪಿನ ಚೀಲ ಇನ್ನೊಂದು ಕೈಗೆ ಬದಲಾಯಿಸಿಕೊಂಡೆ.

ಭಾನುವಾರ ನನ್ನ ಗಂಡ ಈಗ ಮನೆಯಲ್ಲಿ ಕಡಿಮೆ ಇರುತ್ತಾರೆ. ಯಾರ ಮನೆಯದ್ದೋ ಮೋಟಾರು, ಯಾರದ್ದೋ ಮಿಕ್ಸಿ ಎಂದು ಹೋಗುತ್ತಾರೆ. ಗುಂಪಿನಿಂದಲೂ ಹೊರಬಂದಿದ್ದಾರಂತೆ. ಒಂದು ದಿನ ಅವರಿಲ್ಲದಾಗ ಒರೆಸುವುದಕ್ಕೆಂದು ಹಾರ್ನಿನ ಒಳಗೆ ಕೈ ಹಾಕಿದೆ, ದೂಳು ಬೆರಳಿಗೆ ದಪ್ಪಗೆ ಅಂಟಿತು. ಒರೆಸದೆ ಅವರು ಎಂದೂ ಹಾಡು ಹಾಕಿದವರಲ್ಲ. ಹಾಗಾದರೆ ನಾನು ನರ್ಸರಿಗೆ ಹೋದಾಗ, ರಜೆಯ ದಿನ ಮನೆಯಲ್ಲಿ ಒಬ್ಬರೇ ಇರುವಾಗಲೂ ಅವರು ಹಾಡು ಹಾಕಿಕೊಳ್ಳುತ್ತಿಲ್ಲ. ಅವರಿಗಾಗಿ ಉಳಿಸಿದ್ದನ್ನು ಅವರೂ ಕೇಳುತ್ತಿಲ್ಲ. ಯಾಕೆ ಎಂದು ಅವರನ್ನು ಕೇಳಬೇಕು ಅಂತ ಎಷ್ಟೋ ಸಲ ಅಂದುಕೊಂಡೆ. ಅವರು ಸಂಜೆ ಬಂದು ಚಪ್ಪಲಿ ಬಿಟ್ಟು, ನನಗೆ ಕಾಣುವ ಹಾಗೆ ಎದುರಿಗೆ ಬಂದು ನಿಂತು, ತುಟಿ ಬಿಡಿಸಿ ಬಿಡಿಸಿ "ಊಟ ಆಯ್ತಾ?" ಎಂದು ಕೇಳುತ್ತಾರೆ. ಆಯ್ತು, ನಿಮಗೆ ಬಡಿಸ್ತೀನಿ ಬನ್ನಿ ಅನ್ನುತ್ತೇನೆ.